ಗುಬ್ಬಿಯ ರಕ್ತದಲ್ಲಿ ಏನಿತ್ತು

ರಕ್ತ ಕೊಡಲು ಮೊದಲು ಯಾರೂ ಒಪ್ಪಿರಲಿಲ್ಲ. ಕಾಲೇಜು ಕೇಳಿದಳು ಅಂತ ಕೊಟ್ಟರು.

ಕಾಲೇಜು ಅಂದರೆ ಕಟ್ಟಡವಲ್ಲ, ಹುಡುಗಿ. ಆ ಬೀದಿಯಲ್ಲಿ ಹತ್ತನೇ ತರಗತಿ ದಾಟಿದವಳು ಅವಳೊಬ್ಬಳೇ. ದಾಟಿದವಳು ಅಲ್ಲಿಗೇ ನಿಲ್ಲದೆ ಕಾಲೇಜಿಗೆ ಹೋದಳು, ಅದನ್ನೂ ಮುಗಿಸಿ ಯೂನಿವರ್ಸಿಟಿ ಸೇರಿದಳು. ಅಷ್ಟು ಹೊತ್ತಿಗೆ ಅವಳ ಸ್ವಂತ ಹೆಸರು ಬೀದಿಗೆ ಮರೆತೇ ಹೋಗಿತ್ತು. ನಲ್ಲಿಯ ಹತ್ತಿರ ಅವಳು ಕೊಡ ಹಿಡಿದು ಬಂದರೆ "ಕಾಲೇಜು ಬಂತು, ಜಾಗ ಬಿಡ್ರಪ್ಪ" ಅಂತ ರೇಗಿಸುತ್ತಿದ್ದರು. ರೇಗಿಸುತ್ತಲೇ ಜಾಗ ಬಿಡುತ್ತಿದ್ದರು. ಬೀದಿಗೆ ಹೆಮ್ಮೆಪಡಲು ಇದ್ದದ್ದು ಅವಳೊಬ್ಬಳು, ಅದನ್ನು ಹೇಳಿಕೊಳ್ಳಲು ಬೇರೆ ದಾರಿ ಅದಕ್ಕೆ ಗೊತ್ತಿರಲಿಲ್ಲ.

ಅವಳ ಅಣ್ಣನಿಗೂ ಒಂದು ಹೆಸರಿತ್ತು. ಮೊದ್ದು. ಅದು ಬೀದಿ ಇಟ್ಟದ್ದಲ್ಲ, ಶಾಲೆ ಇಟ್ಟದ್ದು. ಎರಡನೇ ತರಗತಿಯಲ್ಲಿ ಮೂರು ವರ್ಷ ಕೂತ. ಇವತ್ತು ಕಲಿತ ಅಕ್ಷರ ನಾಳೆಗೆ ಇರುತ್ತಿರಲಿಲ್ಲ. ಮೇಷ್ಟ್ರು ಹೊಡೆದರು, ಬಾಗಿಲಲ್ಲಿ ನಿಲ್ಲಿಸಿದರು, ಚಿಕ್ಕ ಮಕ್ಕಳ ಕೈಯಲ್ಲಿ ಕಿವಿ ಹಿಂಡಿಸಿದರು. ಕೊನೆಗೆ "ಈ ತಲೆಗೆ ಏನೂ ಹತ್ತಲ್ಲ, ಕರ್ಕೊಂಡು ಹೋಗಿ" ಅಂದರು. ಅಪ್ಪ ಕರೆದುಕೊಂಡು ಬಂದು ಯಾರ್ಡಿಗೆ ಬಿಟ್ಟ. ಹೆಸರು ಹಿಂದೆಯೇ ಬಂತು. ಈಗ ಅವನ ಹೆಂಡತಿಯೂ ಅವನನ್ನು ಹಾಗೇ ಕರೆಯುತ್ತಾಳೆ, ಪ್ರೀತಿ ಬಂದಾಗ.

ಯಾರ್ಡು ಬೀದಿಯ ಕೊನೆಗೆ, ತಗಡಿನ ಗೋಡೆಯ ಹಿಂದೆ. ಅಲ್ಲಿಗೆ ಲಾರಿಗಳಲ್ಲಿ ಸತ್ತ ಬ್ಯಾಟರಿಗಳು ಬರುತ್ತವೆ. ಗಂಡಸರು ಮಚ್ಚಿನಿಂದ ಅವುಗಳ ನೆತ್ತಿ ಒಡೆಯುತ್ತಾರೆ. ಆಸಿಡ್ಡು ಚರಂಡಿಗೆ. ಹೆಂಗಸರು ಒಳಗೆ ಕೈ ಹಾಕಿ ಸೀಸದ ಹಲಗೆಗಳನ್ನು ಕೀಳುತ್ತಾರೆ, ಅಂಟಿದ ಕಪ್ಪು ಕೆಸರನ್ನು ಕೆರೆಯುತ್ತಾರೆ. ಒಂದು ಸಲ ಕೈಗವಸು ಕೊಟ್ಟಿದ್ದರು. ಆಸಿಡ್ಡಿಗೆ ಅದು ತೂತಾದ ಮೇಲೆ ಇನ್ನೊಂದು ಜೊತೆ ಬರಲಿಲ್ಲ. ಹಿಂದುಗಡೆ ದೊಡ್ಡ ಬಾಣಲೆಯಲ್ಲಿ ಸೀಸ ಕರಗುತ್ತದೆ. ಅದರ ಹೊಗೆ ಬಾಯಿಗೆ ಸಿಹಿ. ಎಷ್ಟು ಉಗುಳಿದರೂ ಹೋಗದ ಸಿಹಿ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲ, ಹಾಗಾಗಿ ಮಕ್ಕಳೂ ಅಲ್ಲೇ. ಖಾಲಿ ಡಬ್ಬಿಗಳನ್ನು ಜೋಡಿಸಿ ಮನೆ ಕಟ್ಟುತ್ತವೆ, ಬೂದಿ ಕಲಸಿ ಅಡುಗೆ ಮಾಡುತ್ತವೆ. ಅಡುಗೆ ಮಾಡಿದ ಮೇಲೆ ರುಚಿ ನೋಡಬೇಕಲ್ಲ, ಬೆರಳು ಬಾಯಿಗೆ ಹೋಗುತ್ತದೆ.

ಮೊದ್ದುವಿನ ಬಲಗೈ ಮಣಿಕಟ್ಟಿನಿಂದ ಕೆಳಗೆ ಜೋತುಬಿದ್ದಿದೆ. ಲೋಟ ಎತ್ತಬೇಕಾದರೆ ಎಡಗೈಯ ಆಸರೆ ಬೇಕು. ಅವನ ಹೆಂಡತಿಗೆ, ಅಂದರೆ ಕಾಲೇಜಿನ ಅತ್ತಿಗೆಗೆ, ಮಗಳು ಗುಬ್ಬಿ ಹುಟ್ಟುವ ಮೊದಲು ಎರಡು ಹೊಟ್ಟೆಯಲ್ಲೇ ಹೋದವು. ಬೀದಿಯ ಅರ್ಧ ಜನಕ್ಕೆ ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗುವ ನೋವು. ಬೀದಿ ಇದಕ್ಕೆಲ್ಲ ಒಂದೊಂದು ಕಾರಣ ಇಟ್ಟುಕೊಂಡಿತ್ತು. ವಯಸ್ಸು, ಕುಡಿತ, ಕಣ್ಣು ತಾಗಿದ್ದು, ಹಣೆಬರಹ. ಸೀಸದ ಹೆಸರನ್ನು ಮಾತ್ರ ಯಾರೂ ಎತ್ತುತ್ತಿರಲಿಲ್ಲ. ಅದು ಊಟ ಹಾಕುವ ಹೆಸರು.

ಯೂನಿವರ್ಸಿಟಿಯ ಪ್ರೊಫೆಸರಿಗೆ ಸರ್ಕಾರದಿಂದ ಸಂಶೋಧನೆಯ ಹಣ ಮಂಜೂರಾಯಿತು. ವಿಷಯ, ಸೀಸದ ಕೆಲಸಗಾರರ ಆರೋಗ್ಯ. ಹಣವೊಂದು ಬಂದರೆ ಸಾಲದು, ರಕ್ತ ಬೇಕು. ಅವರು ಜೀಪಿನಲ್ಲಿ ಬೀದಿಗೆ ಬಂದಾಗ ಸಿಡುಕಜ್ಜಿ ಪೊರಕೆ ಹಿಡಿದು ಎದುರು ನಿಂತಳು. ಸಿಡುಕಜ್ಜಿ ಯಾರ್ಡಿನಲ್ಲಿ ಎಲ್ಲರಿಗಿಂತ ಹಳೆಯ ಕೈ. ಅವಳ ಬಾಯಿಗೆ ಮೇಸ್ತ್ರಿಯೂ ಹೆದರುತ್ತಿದ್ದ. ಪ್ರೊಫೆಸರು ಜೀಪು ತಿರುಗಿಸಿದರು. ಆಮೇಲೆ ಯಾರೋ ಅವರ ಕಿವಿಗೆ ಹಾಕಿದರು, ಈ ಬೀದಿಯ ಹುಡುಗಿ ನಿಮ್ಮ ವಿಭಾಗದಲ್ಲೇ ಓದುತ್ತಿದ್ದಾಳೆ ಅಂತ.

ಸರ್ಕಾರದ್ದೇ ಇನ್ನೊಂದು ಯೋಜನೆ ಇತ್ತು. ಮನೆತನದಲ್ಲೇ ಮೊದಲು ಓದಿದವರಿಗೆ ಪಿಎಚ್.ಡಿ. ಸೀಟು, ಹಾಸ್ಟೆಲು, ಭತ್ಯೆ. ಪ್ರೊಫೆಸರು ಎರಡು ಯೋಜನೆಗಳನ್ನೂ ಸೇರಿಸಿ ಒಂದೇ ಗಂಟು ಹಾಕಿದರು. ಪ್ರಾಜೆಕ್ಟು ನಡೆಯುವಷ್ಟು ದಿನ ಸೀಟು. ಪ್ರಾಜೆಕ್ಟು ನಿಂತರೆ ಸೀಟೂ ಇಲ್ಲ.

"ನಿನಗಿಂತ ಮಾರ್ಕ್ಸ್ ಜಾಸ್ತಿ ಇರೋರು ಇದ್ದಾರಮ್ಮ," ಅಂದರು ಅವರು, ಕೆಟ್ಟದಾಗಿ ಅಲ್ಲ, ಇದ್ದದ್ದನ್ನು ಇದ್ದ ಹಾಗೆ. "ಆದರೆ ನಿನ್ನ ಜನ ನಿನ್ನನ್ನ ನಂಬ್ತಾರೆ. ಅದೇ ನಿನ್ನ ಅರ್ಹತೆ."

ಅವಳ ಮಾರ್ಕ್ಸು ತರಗತಿಗೇ ಎರಡನೆಯದು. ಅದನ್ನು ಅವಳು ಹೇಳಲಿಲ್ಲ. ಸೀಟು ಸಿಕ್ಕಿತಲ್ಲ ಅಂತ ನುಂಗಿಕೊಂಡಳು. ಇಂಥವರ ಎದುರು ನುಂಗುವುದು ಅವಳಿಗೆ ಹಾಲು ಕುಡಿಯುವ ವಯಸ್ಸಿನಿಂದ ರೂಢಿ.

ರಕ್ತ ತೆಗೆಯುವುದನ್ನು ಕಲಿತು ಬಂದಳು. ಮೊದಲು ಸಿಡುಕಜ್ಜಿಯ ಮನೆ.

"ತೆಗಿ. ನೀನು ಅಂತ ಕೊಡ್ತೀನಿ," ಅಂದಳು ಅಜ್ಜಿ. ಸೂಜಿ ಚುಚ್ಚಿದರೆ ಕಣ್ಣು ಮಿಟುಕಿಸಲಿಲ್ಲ. ಕೊಳವೆ ತುಂಬಿದ ಮೇಲೆ ಅದನ್ನು ಬೆಳಕಿಗೆ ಹಿಡಿದು ನೋಡಿದಳು. "ಇದಕ್ಕೆ ಹೆಸರು ಎಲ್ಲಿ?"

"ಹೆಸರು ಹಾಕೋ ಹಾಗಿಲ್ಲ ಅಜ್ಜಿ. ನಂಬರು ಮಾತ್ರ."

"ನಂಬರಿಗೆ ನನ್ನ ಗುರುತು ಹೇಗೆ ಸಿಗುತ್ತೆ? ಆ ಪಕ್ಕದ್ಮನೆ ಕುಡುಕನ ರಕ್ತ ನನ್ನ ಲೆಕ್ಕಕ್ಕೆ ಹಾಕಿದ್ರೆ? ನಾಳೆ ಸರ್ಕಾರ ನನ್ನನ್ನ ಕುಡುಕಿ ಅನ್ನಲ್ವಾ?"

ಅಜ್ಜಿ ಉಟ್ಟ ಬಟ್ಟೆಯ ಅಂಚಿನಿಂದ ಒಂದು ಎಳೆ ದಾರ ಕಿತ್ತಳು. ಕೊಳವೆಯ ಕುತ್ತಿಗೆಗೆ ಸುತ್ತಿ ಗಂಟು ಹಾಕಿದಳು. ಅದನ್ನು ನೋಡಿ ಪಕ್ಕದ ಮನೆಯವಳೂ ಕಿತ್ತಳು. ಕುಡುಕನೂ ತನ್ನ ಅಂಗಿಯಿಂದ ಕಿತ್ತ. ಸಂಜೆಯ ಹೊತ್ತಿಗೆ ಒಂದು ಕೊಳವೆಯೂ ದಾರವಿಲ್ಲದೆ ಉಳಿಯಲಿಲ್ಲ. ಗುಬ್ಬಿಯದಕ್ಕೆ ಅತ್ತಿಗೆ ಅವಳ ಫ್ರಾಕಿನ ಹಳದಿ ದಾರ ಕಟ್ಟಿದಳು. ಗುಬ್ಬಿಗೆ ಆಗಷ್ಟೇ ಎರಡು ದಾಟಿತ್ತು. ಅತ್ತು ಅತ್ತು ಸುಸ್ತಾಗಿ ಅತ್ತೆಯ ಹೆಗಲ ಮೇಲೇ ಮಲಗಿಬಿಟ್ಟಳು.

"ಏನು ಬಂತು ಅಂತ ಹೇಳ್ತೀಯ ತಾನೆ?" ಅಂತ ಅಜ್ಜಿ ಕೇಳಿದಳು.

"ಹೇಳ್ತೀನಿ ಅಜ್ಜಿ. ಒಬ್ಬೊಬ್ಬರಿಗೂ ಮನೆಗೆ ಬಂದು ಹೇಳ್ತೀನಿ."

ಪ್ರೊಫೆಸರು ದಾರಗಳನ್ನು ನೋಡಿ ನಕ್ಕರು. "ಇದೇನು, ಬಟ್ಟೆ ಅಂಗಡಿನಾ? ಇರಲಿ ಬಿಡು. ನಂಬರ್ ಇದ್ಯಲ್ಲ, ಸಾಕು. ಯಾವ ದಾರ ಯಾರದ್ದು ಅಂತ ಇಲ್ಲಿ ಯಾರಿಗೆ ಗೊತ್ತಾಗುತ್ತೆ."

ಅವಳಿಗೆ ಗೊತ್ತಾಗುತ್ತಿತ್ತು.

ಯಂತ್ರಕ್ಕೆ ರಕ್ತ ಹಾಕುವ ಕೆಲಸವೂ ಅವಳದೇ. ಒಂದು ಮಧ್ಯಾಹ್ನ ಹಳದಿ ದಾರದ ಕೊಳವೆ ಕೈಗೆ ಬಂತು. ಹಾಕಿದಳು. ಅಂಕಿ ಏರಿತು. ಏರುತ್ತಲೇ ಹೋಯಿತು. ಯಂತ್ರ ಕೆಟ್ಟಿದೆ ಅಂದುಕೊಂಡು ತೊಳೆದು, ಒರೆಸಿ, ಮತ್ತೆ ಹಾಕಿದಳು. ಅದೇ ಅಂಕಿ. ಒಂದು ಮಗುವಿನ ರಕ್ತದಲ್ಲಿ ಇರಲೇಬಾರದ ಅಂಕಿ ಅದು.

ಸೀಸ ಮಗುವಿನ ಮೈ ಸೇರಿದರೆ ಏನಾಗುತ್ತದೆ ಅಂತ ಅವಳು ಪುಸ್ತಕದಲ್ಲಿ ಓದಿದ್ದಳು, ಪರೀಕ್ಷೆಯಲ್ಲಿ ಬರೆದಿದ್ದಳು, ಮಾರ್ಕ್ಸೂ ತೆಗೆದಿದ್ದಳು. ಮಿದುಳು ಬೆಳೆಯುವ ಹೊತ್ತಿನಲ್ಲೇ ಅದು ಹೊಕ್ಕು ಕೂರುತ್ತದೆ. ಕಲಿತದ್ದು ನಿಲ್ಲುವುದಿಲ್ಲ. ಮಾತು ತಡ. ಅಕ್ಷರ ತಡ. ಕೂತಲ್ಲಿ ಕೂರಲಾಗದ ಚಡಪಡಿಕೆ. ಆಗ ಓದಿದ್ದು ಬರೀ ಉತ್ತರ. ಈಗ ಮನೆಯವರು ಹೇಳುತ್ತಿದ್ದ ಅಣ್ಣನ ಶಾಲೆಯ ಕಥೆ ಕಣ್ಣ ಮುಂದೆ ಬಂತು. ಬಾಗಿಲಲ್ಲಿ ಕಿವಿ ಹಿಡಿದು ನಿಂತ ಅಣ್ಣ. ಚಿಕ್ಕ ಚಿಕ್ಕ ಹುಡುಗರು ಬಂದು ಹಿಂಡಿ ಹೋಗುತ್ತಿದ್ದ ಕಿವಿ.

ಅವಳು ತನ್ನ ರಕ್ತವನ್ನೂ ಯಂತ್ರಕ್ಕೆ ಹಾಕಿದಳು. ಸೀಸ ಇತ್ತು, ಆದರೆ ಅಣ್ಣನದರ ಪಕ್ಕದಲ್ಲಿ ಇಲ್ಲದ ಹಾಗೆ. ಯಾಕೆ ಅಂತ ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ಅವಳನ್ನು ಹೆತ್ತು ಅಮ್ಮ ಸತ್ತಳು. ಚಿಕ್ಕಮ್ಮ ಬಂದು ಕೂಸನ್ನು ಎತ್ತಿಕೊಂಡು ಹೋದಳು, ಊರಿನ ಆ ಕೊನೆಗೆ. ಚಿಕ್ಕಮ್ಮನದು ಬಟ್ಟೆ ಇಸ್ತ್ರಿಯ ಮನೆ. ಅಲ್ಲಿ ಬಿಸಿ ಇತ್ತು, ಬಡತನ ಇತ್ತು, ಸೀಸ ಇರಲಿಲ್ಲ. ಹನ್ನೆರಡನೇ ವಯಸ್ಸಿಗೆ ಬೀದಿಗೆ ವಾಪಸು ಬರುವ ಹೊತ್ತಿಗೆ ಅವಳ ತಲೆ ಬೆಳೆದು ಗಟ್ಟಿಯಾಗಿತ್ತು.

ಬೀದಿ ಅವಳನ್ನು ಜಾಣೆ ಅನ್ನುತ್ತಿತ್ತು. ಅವಳೂ ಒಳಗೊಳಗೇ ಹಾಗೇ ಅಂದುಕೊಂಡಿದ್ದಳು. ಅದು ಜಾಣತನ ಅಲ್ಲ, ವಿಳಾಸ.

ಪ್ರೊಫೆಸರ ಕೋಣೆಗೆ ಹೋದಳು. ಅವರು ಕೂರು ಅನ್ನಲಿಲ್ಲ, ಅವಳು ನಿಂತೇ ಹೇಳಿದಳು.

"ಸರ್, ರಿಸಲ್ಟು ಅವರಿಗೆ ಹೇಳಬೇಕು."

"ಯಾರಿಗೆ?"

"ರಕ್ತ ಕೊಟ್ಟವರಿಗೆ."

ಪ್ರೊಫೆಸರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ತಾಳ್ಮೆಯಿಂದ ಪಾಠ ಹೇಳುವಾಗ ಹಾಗೆ ಮಾಡುತ್ತಿದ್ದರು. "ನೋಡಮ್ಮ, ಮುಂದಿನ ವರ್ಷ ಇದೇ ಜನರ ರಕ್ತ ಇನ್ನೊಂದು ಸಲ ತಗೋಬೇಕು. ಸೀಸ ಏರ್ತಾ ಇದ್ಯಾ, ಎಷ್ಟು ಏರ್ತಾ ಇದೆ, ಅದೇ ನಮ್ಮ ಪ್ರಾಜೆಕ್ಟು. ಈಗಲೇ ಹೇಳಿದ್ರೆ ಏನಾಗುತ್ತೆ? ಕೆಲವರು ಕೆಲಸ ಬಿಡ್ತಾರೆ. ಕೆಲವರು ಮಕ್ಕಳನ್ನ ಬೇರೆ ಕಡೆ ಕಳಿಸ್ತಾರೆ. ಅಂಕಿ ಇಳಿದುಬಿಡುತ್ತೆ."

"ಅದು ಒಳ್ಳೇದಲ್ವಾ ಸರ್?"

"ಅವರಿಗೆ ಒಳ್ಳೇದು. ಡೇಟಾಗೆ ಒಳ್ಳೇದಲ್ಲ."

ನಾಚಿಕೆಯಿಲ್ಲದೆ ಹೇಳಿದರು. ಅವರಿಗೆ ಅದರಲ್ಲಿ ನಾಚುವಂಥದ್ದು ಏನೂ ಕಾಣಲಿಲ್ಲ, ಅದೇ ದೊಡ್ಡ ಹೊಲಸು.

"ಗುಬ್ಬಿಗೆ ಇನ್ನೂ ಮೂರು ತುಂಬಿಲ್ಲ ಸರ್."

"ಯಾರು ಗುಬ್ಬಿ?"

ಪ್ರೊಫೆಸರು ಕನ್ನಡಕ ಮತ್ತೆ ಹಾಕಿಕೊಂಡರು. "ಯಾರ್ಡಿನ ಯಜಮಾನ ನಮ್ಮನ್ನ ಒಳಗೆ ಬಿಟ್ಟಿರೋದೇ ಬಾಯಿ ಬಿಡಲ್ಲ ಅನ್ನೋ ಮಾತಿನ ಮೇಲೆ. ವರದಿ ಸರ್ಕಾರಕ್ಕೆ ಹೋಗುತ್ತೆ, ಸರ್ಕಾರ ಕಾನೂನು ಮಾಡುತ್ತೆ, ಎಲ್ಲ ಯಾರ್ಡುಗಳಿಗೂ ಒಳ್ಳೇದಾಗುತ್ತೆ. ಒಂದು ಬೀದಿಗೋಸ್ಕರ ಅಷ್ಟೂ ಹಾಳು ಮಾಡ್ತೀಯಾ? ಇನ್ನೊಂದು ಮಾತು. ಪ್ರಾಜೆಕ್ಟು ನಿಂತರೆ ನಿನ್ನ ಸೀಟು ಹೋಗುತ್ತೆ, ಅದು ಬಿಡು. ನಿನ್ನಂಥವರಿಗೆ ಕೊಟ್ಟರೆ ಹೀಗೇ ಅಂತ ಹೇಳಿ ಮುಂದೆ ಬರೋರಿಗೂ ಬಾಗಿಲು ಹಾಕ್ತಾರೆ. ಯೋಚನೆ ಮಾಡು."

ಅವಳು ಯೋಚನೆ ಮಾಡಿದಳು. ಯೋಚನೆ ಮಾಡಿದಷ್ಟೂ ಗೋಡೆಗಳು ಹತ್ತಿರ ಬಂದವು. ಹೇಳಿದರೆ ಸೀಟು ಹೋಗುತ್ತದೆ. ಸೀಟು ಹೋದರೆ ಅವಳಿಗೆ ಉಳಿಯುವ ಜಾಗ ಯಾರ್ಡೇ. ಹೇಳಿದರೂ ಬೀದಿ ಎಲ್ಲಿಗೆ ಹೋಗುತ್ತದೆ? ಬೇರೆ ಕೆಲಸ ಯಾರು ಇಟ್ಟುಕೊಂಡು ಕಾಯುತ್ತಿದ್ದಾರೆ? ಹೇಳದಿದ್ದರೆ ಒಂದು ವರ್ಷ ಕಣ್ಣು ಮುಚ್ಚಿದರೆ ಆಯಿತು. ಆದರೆ ಆ ಒಂದು ವರ್ಷವೇ ಗುಬ್ಬಿಯ ತಲೆ ಬೆಳೆಯುವ ವರ್ಷ. ಆಮೇಲೆ ಡಾಕ್ಟರೇಟು ತಂದು ಆ ತಲೆಗೆ ಹಚ್ಚಲು ಬರುವುದಿಲ್ಲ.

ಅವಳು ಬಾಯಿಗೆ ಬೀಗ ಹಾಕಿಕೊಂಡಳು. ಸರಿಯಾಗಿ ಹೇಳಬೇಕೆಂದರೆ, ಹೆದರಿದಳು.

ಭಾನುವಾರ ಮನೆಗೆ ಹೋದಾಗಲೆಲ್ಲ ಅತ್ತಿಗೆ ಕೇಳುತ್ತಿದ್ದಳು. "ಏನು ಬಂತೇ ರಕ್ತದಲ್ಲಿ?"

"ಇನ್ನೂ ಬಂದಿಲ್ಲ ಅತ್ತಿಗೆ."

"ಸರ್ಕಾರದ ಕೆಲಸ ಅಂದ್ರೆ ಹೀಗೇ ನೋಡು. ಆಮೆಗೆ ಕಾಲು ಕಟ್ಟಿ ಓಡಿಸ್ತಾರೆ."

ಕಾಲೇಜು ಸೋಪು ತಂದಳು. ಕೈ ತೊಳೆಯದೆ ಊಟಕ್ಕೆ ಕೂರಬೇಡಿ ಅಂದಳು. ಯಾರ್ಡಿನ ಬಟ್ಟೆ ಮನೆಯೊಳಗೆ ತರಬೇಡಿ ಅಂದಳು. ಮೊದ್ದು ಜೋತುಬಿದ್ದ ಕೈಯನ್ನು ಎಡಗೈಯಲ್ಲಿ ಎತ್ತಿ ಹಿಡಿದು ನೋಡಿಕೊಂಡ. "ನಮ್ಮ ಕೈ ಕಾಲೇಜಿಗೆ ಈಗ ಕೊಳಕಾಗಿ ಕಾಣೋಕೆ ಶುರುವಾಯ್ತು ಕಣೇ," ಅಂತ ಹೆಂಡತಿಗೆ ಹೇಳಿ ನಕ್ಕ. ತಮಾಷೆಗೇ ಅಂದದ್ದು.

"ಗುಬ್ಬಿನ ಯಾರ್ಡಿಗೆ ಕರ್ಕೊಂಡು ಹೋಗ್ಬೇಡಿ ಅತ್ತಿಗೆ."

"ಮತ್ತೆ ಎಲ್ಲಿ ಬಿಡ್ಲಿ? ನಿನ್ನ ಹಾಸ್ಟೆಲ್ಲಲ್ಲಾ?"

ಗುಬ್ಬಿ ಬಂದು ಮಡಿಲಲ್ಲಿ ಕೂತಳು. ಪಕ್ಕದ ಬೀದಿಯಲ್ಲಿ ಅದೇ ವಯಸ್ಸಿನವು ಪಟಪಟ ಕಥೆ ಹೇಳುತ್ತಿದ್ದವು. ಗುಬ್ಬಿ ಅತ್ತೆ ಅನ್ನಲು ಬಾರದೆ "ತೆ, ತೆ" ಅನ್ನುತ್ತಿದ್ದಳು. ಅದನ್ನು ಮುದ್ದು ಅಂತ ಎಲ್ಲರೂ ನಗುತ್ತಿದ್ದರು.

ಎರಡನೇ ವರ್ಷದ ಹಣ ಬಿಡುಗಡೆ ಮಾಡುವ ಮೊದಲು ಸರ್ಕಾರದ ಸಮಿತಿ ಬಂತು. ಪ್ರೊಫೆಸರು ಅವಳನ್ನು ಯಂತ್ರದ ಪಕ್ಕ ನಿಲ್ಲಿಸಿದರು. ಹೊಸ ಬಿಳಿ ಕೋಟು ಕೊಡಿಸಿದ್ದರು, ಉದ್ದ ಜಾಸ್ತಿ. ಸಮಿತಿಯ ಮೇಡಂ ಕಣ್ಣರಳಿಸಿ ಕೇಳಿದರು, "ನಿಮ್ಮ ಬೀದಿಯಿಂದ ಇಷ್ಟು ವರ್ಷದಲ್ಲಿ ನೀವೊಬ್ಬರೇ ಬಂದಿದ್ದಾ? ಹೇಗೆ ಸಾಧ್ಯವಾಯ್ತು?"

ಅವಳು ಬಾಯಿ ತೆರೆದಳು. ಪ್ರೊಫೆಸರು ಮೊದಲೇ ಹೇಳಿದರು. "ಛಲ ಮೇಡಂ. ಛಲ ಒಂದಿದ್ದರೆ ಯಾರು ಬೇಕಾದರೂ ಬರಬಹುದು. ಇವಳೇ ಸಾಕ್ಷಿ."

ಉಳಿದವರಿಗೆ ಛಲ ಇರಲಿಲ್ಲ ಅಂತ ಅದರ ಅರ್ಥ. ಅಣ್ಣನಿಗೆ ಇರಲಿಲ್ಲ. ಗುಬ್ಬಿಗೆ ಇರುವುದಿಲ್ಲ. ಫೋಟೋ ತೆಗೆಯುವವನು ಸ್ವಲ್ಪ ನಗಿ ಅಂದ. ಅವಳು ನಕ್ಕಳು. ಆಮೇಲೆ ಕಕ್ಕಸಿನಲ್ಲಿ ಬಾಗಿಲು ಹಾಕಿಕೊಂಡು ಆ ಬಿಳಿ ಕೋಟಿನ ತೋಳನ್ನು ಹಲ್ಲಲ್ಲಿ ಕಚ್ಚಿಕೊಂಡು ಅತ್ತಳು, ಹೊರಗೆ ಕೇಳಬಾರದು ಅಂತ.

ಹಣ ಬಂತು. ಎರಡನೇ ಸಲದ ರಕ್ತದ ದಿನವೂ ಬಂತು.

ಈ ಸಲ ಮನೆಮನೆಗೆ ಹೋಗುವ ರಗಳೆ ಬೇಡ ಅಂತ ಯಾರ್ಡಿನ ತಗಡಿನ ಮಾಡಿನಡಿಯಲ್ಲೇ ಮೇಜು ಹಾಕಿದ್ದರು. ಪ್ರೊಫೆಸರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ಮೇಸ್ತ್ರಿ ಸಾಲು ನಿಲ್ಲಿಸಿದ. ಜನ ಸ್ನಾನ ಮಾಡಿ ಬಂದಿದ್ದರು, ತಲೆ ಬಾಚಿಕೊಂಡಿದ್ದರು, ಕಾಲೇಜಿನ ಮರ್ಯಾದೆಯ ಪ್ರಶ್ನೆ ಅಂತ. ಸಾಲಿನಲ್ಲಿ ಎಲ್ಲರಿಗಿಂತ ಮುಂದೆ, ಮೇಜಿನ ಎದುರು ಕೂತವನು ಮೊದ್ದು, ಅವನ ತೊಡೆಯ ಮೇಲೆ ಗುಬ್ಬಿ.

ಗುಬ್ಬಿಗೆ ಸೂಜಿ ನೆನಪಿತ್ತು. ಕೈ ಹಿಂದೆ ಬಚ್ಚಿಟ್ಟುಕೊಂಡು ಕಿರುಚಿದಳು. ಮೊದ್ದು ಒಂದು ಕೈಯಲ್ಲಿ ಅವಳನ್ನು ಅವುಚಿಕೊಂಡ, ಜೋತುಬಿದ್ದ ಇನ್ನೊಂದು ಕೈಯಿಂದ ಅವಳ ತೋಳನ್ನು ಮೇಜಿನ ಮೇಲೆ ಚಾಚಲು ಒದ್ದಾಡಿದ. ಬೆವರುತ್ತಿದ್ದ.

"ಕೊಡು ಮಗಳೇ, ಕೊಡು. ಅತ್ತೆ ಡಾಕ್ಟರಾಗ್ತಾಳೆ. ನಿಮ್ಮಪ್ಪನ ತಲೆಗಂತೂ ಏನೂ ಹತ್ತಲಿಲ್ಲ, ಅವಳಾದ್ರೂ ಆಗ್ಲಿ. ಆಮೇಲೆ ನಿನ್ನನ್ನೂ ಓದಿಸ್ತಾಳೆ. ಅಲ್ವೇನೇ?"

ಅಂತ ತಂಗಿಯ ಮುಖ ನೋಡಿದ. ನಂಬಿ ನೋಡಿದ.

ಕಾಲೇಜು ಸೂಜಿಯನ್ನು ಮೇಜಿನ ಮೇಲಿಟ್ಟಳು.

"ಅವಳ ಕೈ ಬಿಡು ಅಣ್ಣ."

"ಯಾಕೆ? ಹಿಡ್ಕೊಂಡಿದ್ದೀನಿ, ತಗೋ."

"ತಗೊಳಲ್ಲ. ಹೋದ ವರ್ಷ ತಗೊಂಡ ರಕ್ತದಲ್ಲಿ ಏನಿತ್ತು ಅಂತ ನಿಮಗೆ ಹೇಳಿಲ್ಲ. ಅದನ್ನ ಹೇಳದೆ ಇನ್ನೊಂದು ಹನಿ ತಗೊಳಲ್ಲ."

ಪ್ರೊಫೆಸರು ಎದ್ದರು. "ಏನಮ್ಮ ಇದು? ಆಮೇಲೆ ಮಾತಾಡೋಣ." ಮೆಲ್ಲಗೆ ಹೇಳಿದರು, ಜನಕ್ಕೆ ಕೇಳದ ಹಾಗೆ.

ಅವಳು ಜನಕ್ಕೆ ಕೇಳುವ ಹಾಗೆ ಹೇಳಿದಳು. ಗುಬ್ಬಿಯ ರಕ್ತದಲ್ಲಿ ಸೀಸ ಇದೆ. ತುಂಬಾ ಇದೆ. ಅವಳಿಗೆ ಮಾತು ಬರದೆ ಇರೋದು ಮುದ್ದಿಗಲ್ಲ. ಸಿಡುಕಜ್ಜಿಯ ಹೊಟ್ಟೆನೋವು ವಯಸ್ಸಿಂದಲ್ಲ. ಅತ್ತಿಗೆಯ ಎರಡು ಮಕ್ಕಳು ಹೋದದ್ದು ಹಣೆಬರಹ ಅಲ್ಲ. ಅಣ್ಣನ ಕೈ ಜೋತುಬಿದ್ದದ್ದು ಸೀಸದಿಂದ. ಒಬ್ಬೊಬ್ಬರ ಕಡೆಗೂ ತಿರುಗಿ ಹೇಳಿದಳು, ಕುಡುಕನಿಗೂ ಹೇಳಿದಳು. ಬಾಣಲೆಯ ಹತ್ತಿರದವರೂ ಕೆಲಸ ಬಿಟ್ಟು ಬಂದು ನಿಂತರು.

ಮೊದಲು ಬಾಯಿ ತೆರೆದವನು ಮೇಸ್ತ್ರಿ. "ಹೆದರಿಕೆ ಇರೋರು ನಾಳೆಯಿಂದ ಬರಬೇಡಿ. ಗೇಟಿನ ಹೊರಗೆ ಜನ ಸಾಲು ನಿಂತಿದ್ದಾರೆ."

ಹೊರಗೆ ಸಾಲು ನಿಂತಿರುವುದು ನಿಜ ಅಂತ ಎಲ್ಲರಿಗೂ ಗೊತ್ತಿತ್ತು.

"ಹೋದ ವರ್ಷವೇ ಇವರಿಗೆ ಗೊತ್ತಿತ್ತಾ?" ಅಂತ ಸಿಡುಕಜ್ಜಿ ಪ್ರೊಫೆಸರ ಕಡೆ ಗದ್ದ ಎತ್ತಿ ಕೇಳಿದಳು.

"ಗೊತ್ತಿತ್ತು ಅಜ್ಜಿ."

"ನಿನಗೆ?"

"ನನಗೂ."

ಅಜ್ಜಿ ಪಕ್ಕಕ್ಕೆ ತಿರುಗಿ ಉಗುಳಿದಳು. ಅತ್ತಿಗೆ ಸಾಲಿನಿಂದ ಮುಂದೆ ಬಂದಳು. ಗುಬ್ಬಿಯನ್ನು ಗಂಡನ ತೊಡೆಯಿಂದ ಕಿತ್ತುಕೊಂಡು ಎದೆಗೆ ಒತ್ತಿಕೊಂಡಳು. ನಾದಿನಿಯ ಮುಖವನ್ನು ಒಂದು ಸಲ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು.

ಮೊದ್ದು ಇನ್ನೂ ಕೂತೇ ಇದ್ದ. ಅವನು ನಿಧಾನಕ್ಕೆ ಲೆಕ್ಕ ಹಾಕುತ್ತಿದ್ದ. ಅವನ ತಲೆಗೆ ಎಲ್ಲವೂ ನಿಧಾನಕ್ಕೇ ಹತ್ತುತ್ತಿತ್ತು, ಆದರೆ ಇದು ಹತ್ತಿತು.

"ನನಗೂ ಚಿಕ್ಕಂದಿನಿಂದ ಇದೇ ಇತ್ತಾ?"

"ಇದೇ ಇದ್ದಿರಬೇಕು ಅಣ್ಣ. ನೀನು ಹುಟ್ಟಿದಾಗಿನಿಂದ ಇಲ್ಲೇ. ನಾನು ಜಾಣೆ ಅಲ್ಲ. ನಾನು ಇಲ್ಲಿ ಇರಲಿಲ್ಲ, ಅಷ್ಟೇ."

"ಮತ್ತೆ ಮೇಷ್ಟ್ರು ಹೊಡೀತಿದ್ರಲ್ಲ?"

ಅವನು ಎಡಗೈ ಎತ್ತಿ ತನ್ನ ಕಿವಿ ಮುಟ್ಟಿಕೊಂಡ.

"ಹೊಡೆದದ್ದು ಸರಿ ಅಂತ ನಾನು ಅಂದ್ಕೊಂಡಿದ್ದೆ," ಅಂದ ಮೊದ್ದು. "ಇಷ್ಟು ವರ್ಷ ಸರಿ ಅಂತಲೇ ಅಂದ್ಕೊಂಡಿದ್ದೆ."

ಅವನು ಎದ್ದು ಪ್ರೊಫೆಸರ ಮುಂದೆ ಹೋಗಿ ನಿಂತ. ಅವರು ಪೆಟ್ಟಿಗೆ ಮುಚ್ಚುತ್ತಿದ್ದರು. ಮೊದ್ದು ದೊಡ್ಡವರ ಎದುರು ಯಾವತ್ತೂ ಮಾತಾಡಿದವನಲ್ಲ. ಈಗ ಸಿಟ್ಟು ಬಂದಿತ್ತು. ತನ್ನ ಪರವಾಗಿ ತನಗೇ ಸಿಟ್ಟು ಬಂದದ್ದು ಅವನ ಬದುಕಿನಲ್ಲಿ ಇದೇ ಮೊದಲು.

"ಸಾರ್, ನಾಳೆ ನನ್ನ ಮಗಳಿಗೂ ಅಕ್ಷರ ಹತ್ತಲ್ಲ. ಅವಾಗ ಯಾರಿಗೆ ಹೊಡೀಬೇಕು? ಹೇಳಿ ಹೋಗಿ."

ಪ್ರೊಫೆಸರು ಅವನ ಪಕ್ಕದಿಂದ ಸರಿದು ಜೀಪಿನ ಕಡೆ ನಡೆದರು. ಹತ್ತುವ ಮೊದಲು ಕಾಲೇಜಿಗೆ ಹೇಳಿದರು, "ನಾಳೆ ಬೆಳಿಗ್ಗೆ ಬಂದು ರೂಮು ಖಾಲಿ ಮಾಡು. ನಿನ್ನ ಮೇಲೆ ಎಷ್ಟು ನಂಬಿಕೆ ಇಟ್ಟಿದ್ದೆ."

ಸಂಜೆ ಬೀದಿ ಜಗಳಕ್ಕೆ ಕೂತಿತು. ಯಾರ್ಡು ಬಿಡಬೇಕು ಅಂತ ಒಬ್ಬ, ಬಿಟ್ಟು ಮಣ್ಣು ತಿನ್ನೋದಾ ಅಂತ ಇನ್ನೊಬ್ಬ. "ಹೇಳದೆ ಇದ್ದಿದ್ರೆ ನಿದ್ದೆಯಾದ್ರೂ ಬರ್ತಿತ್ತು," ಅಂತ ಕುಡುಕ ಗೊಣಗಿದ. ಕಾಲೇಜು ಎಲ್ಲರ ಬೈಗುಳ ತಿಂದಳು. ತಿನ್ನಬೇಕಾದದ್ದೇ ಅಂತ ತಿಂದಳು. ಸುತ್ತಿ ಸುತ್ತಿ ಮಾತು ಒಂದೇ ಕಡೆ ಬಂದು ನಿಲ್ಲುತ್ತಿತ್ತು. ದೊಡ್ಡವರ ಗತಿ ಮುಗಿದದ್ದು, ಮಕ್ಕಳನ್ನಾದರೂ ಯಾರ್ಡಿನಿಂದ ಹೊರಗಿಡಬೇಕು. ಎಲ್ಲಿ? ಬೀದಿಯಲ್ಲೂ ಅದೇ ಹೊಗೆ. ನೋಡಿಕೊಳ್ಳಲು ಒಬ್ಬರು ಮನೆಯಲ್ಲಿ ಉಳಿದರೆ ಆ ಮನೆಯ ಒಲೆ ಉರಿಯುವುದಿಲ್ಲ.

ಸಿಡುಕಜ್ಜಿ ಕಾಲೇಜಿನ ಕಡೆ ತಿರುಗಿದಳು. "ನಮ್ಮ ರಕ್ತ ಎಲ್ಲಿಟ್ಟಿದ್ದಾರೆ?" ಅಂತ ಕೇಳಿದಳು.

"ಡಿಪಾರ್ಟ್‌ಮೆಂಟಿನಲ್ಲಿ ಅಜ್ಜಿ. ಒಂದು ಕೋಣೆಯಲ್ಲಿ."

"ಜಾಗ ಚೆನ್ನಾಗಿದೆಯಾ?"

"ತಣ್ಣಗಿದೆ. ಧೂಳಿಲ್ಲ. ಕರೆಂಟು ಹೋದ್ರೆ ಅಂತ ಜನರೇಟರ್ ಇದೆ. ಬಾಗಿಲಲ್ಲಿ ಒಬ್ಬ ಕಾವಲಿಗಿರ್ತಾನೆ."

"ಕಾವಲು ಬೇರೆ," ಅಂದಳು ಅಜ್ಜಿ. "ಹಾಗಾದ್ರೆ ಮಕ್ಕಳನ್ನೂ ಅಲ್ಲೇ ಬಿಡೋಣ."

ಎಲ್ಲರೂ ನಕ್ಕರು. ಅಜ್ಜಿ ನಗಲಿಲ್ಲ. ಸ್ವಲ್ಪ ಹೊತ್ತಿಗೆ ಯಾರೂ ನಗಲಿಲ್ಲ.

ಬೆಳಿಗ್ಗೆ ಹೆಂಗಸರು ಬುತ್ತಿಯ ಜೊತೆ ಮಕ್ಕಳನ್ನೂ ಎತ್ತಿಕೊಂಡು ಹೊರಟರು. ಯಾರ್ಡಿನ ಗೇಟು ದಾಟಿ, ದೊಡ್ಡ ರಸ್ತೆ ಹಿಡಿದು, ಯೂನಿವರ್ಸಿಟಿಯ ಕಡೆ. ಮಕ್ಕಳನ್ನು ನೋಡಿಕೊಳ್ಳಲು ಕಾಲೇಜೂ ಜೊತೆಗೆ ನಡೆದಳು. ಡಿಪಾರ್ಟ್‌ಮೆಂಟಿನ ಕಾವಲುಗಾರ ಕೈ ಅಡ್ಡ ಹಿಡಿದು ಯಾರು, ಏನು, ಎಲ್ಲಿಗೆ ಅಂತ ಕೇಳಿದ. "ನಮ್ಮ ರಕ್ತ ಒಳಗಿದೆ," ಅಂತ ಸಿಡುಕಜ್ಜಿ ಅವನ ಕೈಯ ಕೆಳಗಿಂದ ನುಗ್ಗಿದಳು. ಕೋಣೆಗಳಿಗೆಲ್ಲ ಬೀಗ ಇತ್ತು. ವರಾಂಡದ ನುಣುಪು ನೆಲದ ಮೇಲೆ ಒಂದೊಂದಾಗಿ ಮಕ್ಕಳನ್ನು ಇಳಿಸಿದರು. ತಂಪು ನೆಲ ತಾಗಿ ಒಂದು ಮಗು ಅಲ್ಲೇ ಮಲಗಿಕೊಂಡಿತು. ಇನ್ನೆರಡು ಜಾರುವ ಆಟ ಶುರುಮಾಡಿದವು.

ಹೆಂಗಸರಿಗೆ ನಿಲ್ಲಲು ಹೊತ್ತಿರಲಿಲ್ಲ. ತಡವಾದರೆ ಮೇಸ್ತ್ರಿ ಗೇಟು ಹಾಕುತ್ತಾನೆ. ಬಂದ ದಾರಿಯಲ್ಲೇ ಸರಸರ ಯಾರ್ಡಿಗೆ ವಾಪಸು ನಡೆದರು, ಅದೇ ಹೊಗೆಗೆ, ಅದೇ ಆಸಿಡ್ಡಿಗೆ. ಅತ್ತಿಗೆ ಕೊನೆಗೆ ಉಳಿದಳು. ನಿನ್ನೆಯಿಂದ ನಾದಿನಿಯ ಜೊತೆ ಒಂದು ಮಾತೂ ಆಡಿರಲಿಲ್ಲ. ಗುಬ್ಬಿಯನ್ನು ತಂದು ಅವಳ ಮಡಿಲಿಗೆ ಹಾಕಿದಳು.

"ಸಂಜೆ ಬರ್ತೀನಿ. ಹೆದರಿಕೊಂಡು ಎಲ್ಲಾದ್ರೂ ಎದ್ದು ಹೋದ್ರೆ ನೋಡು," ಅಂದಳು.

"ಹೋಗಲ್ಲ ಅತ್ತಿಗೆ."

ಪ್ರೊಫೆಸರು ಬಂದಾಗ ಮೆಟ್ಟಿಲ ಮೇಲೂ ಮಕ್ಕಳಿದ್ದರು. ಅವರು ಕಾಲಿಡಲು ಜಾಗ ಹುಡುಕುತ್ತಾ ಮೇಲೆ ಬಂದರು. ಕಾವಲುಗಾರ ಓಡಿಬಂದು, ನನಗೇನೂ ಗೊತ್ತಿಲ್ಲ ಸಾರ್ ಅಂತ ಕೈ ಹಿಸುಕಿದ.

"ಏನಿದು? ಯಾರು ಇವರೆಲ್ಲ? ಯಾರ ಪರ್ಮಿಷನ್ ತಗೊಂಡು ಒಳಗೆ ಕೂರಿಸಿದ್ದೀಯ?"

ಕಾಲೇಜು ಏಳಲಿಲ್ಲ. ಅವಳು ಅವರ ಎದುರು ಕೂತು ಮಾತಾಡಿದ್ದು ಅದೇ ಮೊದಲು. ಗುಬ್ಬಿ ಅವಳ ಬೆರಳು ಹಿಡಿದುಕೊಂಡು ಆ ದೊಡ್ಡ ಮನುಷ್ಯನನ್ನೇ ನೋಡುತ್ತಿದ್ದಳು.

"ಇವರು ನಿಮ್ಮ ಸ್ಯಾಂಪಲ್ಲು ಸರ್," ಅಂದಳು. "ರಕ್ತ ಒಳಗಿದೆ. ಉಳಿದದ್ದು ಹೊರಗೆ ಕೂತಿದೆ. ಬಾಗಿಲು ತೆಗೀರಿ."